ಮೀಸಲು ಮರ

ಕೇಂದ್ರ ಕಾರಾಗೃಹ, ಮೈಸೂರು
12 ಫೆಬ್ರವರಿ 1999

ಮಂಜುಳಾ ಅವರಿಗೆ,

ಹೆಸರು ನೋಡಿದ ಕೂಡಲೇ ಕಾಗದ ಹರಿದು ಹಾಕಬೇಡಿ. ನಾನು ಕಣಕಟ್ಟೆಯ ಕಲ್ಲೇಶಪ್ಪನವರ ಮಗ ಇಂದ್ರೇಶ್. ನಿಮ್ಮ ಅಣ್ಣ ಲಕ್ಷ್ಮೀಶನನ್ನು ಕೊಂದವನು. ನೀವು ಗೆಂಡೆಹಳ್ಳಿ ಸ್ಕೂಲಿನಲ್ಲಿ ಮೇಡಮ್ ಆಗಿದ್ದೀರಿ ಎಂದು ಊರಿನ ಕಡೆಯಿಂದ ಬಂದವರೊಬ್ಬರು ಹೇಳಿದರು. ಕೇಳಿ ಸಂತೋಷವಾಯಿತು. ಸಂತೋಷಪಡುವ ಹಕ್ಕು ನನಗಿಲ್ಲ ಎಂಬುದೂ ಗೊತ್ತು.

ಇಲ್ಲಿ ಭಾನುವಾರ ಪಾದ್ರಿಗಳೊಬ್ಬರು ಬರುತ್ತಾರೆ. ಮೊದಲು ಅವರು ಹಂಚುವ ಬಿಸ್ಕತ್ತಿಗಾಗಿ ಹೋಗಿ ಕೂರುತ್ತಿದ್ದೆ. ಆಮೇಲೆ ಮಾತಿಗಾಗಿ ಹೋದೆ. ಹೋದ ಡಿಸೆಂಬರಿನಲ್ಲಿ ದೀಕ್ಷಾಸ್ನಾನ ತೆಗೆದುಕೊಂಡೆ. ಕೊರಳಲ್ಲಿದ್ದ ಲಿಂಗವನ್ನು ಜೈಲಿಗೆ ಬಂದ ದಿನವೇ ತೆಗೆದಿಟ್ಟಿದ್ದೆ, ಅದನ್ನು ಕಟ್ಟಿಕೊಳ್ಳುವ ಮೈ ಇದಲ್ಲ ಅನ್ನಿಸಿ.

ಪಾದ್ರಿಗಳು ಹೇಳುವುದು ಹೀಗೆ. ದೇವರು ಮೊದಲನೆಯ ಗಂಡು ಹೆಣ್ಣನ್ನು ಮಾಡಿ ತೋಟದಲ್ಲಿಟ್ಟ. ಎಲ್ಲ ಮರದ ಹಣ್ಣೂ ನಿಮ್ಮದು, ಇದೊಂದು ಮರದ್ದು ಬೇಡ ಎಂದ. ಅವರು ತಿಂದರು. ತಿಂದ ಮೇಲೆ ನಾಚಿಕೆ, ಭಯ, ತೋಟದಿಂದ ಆಚೆಗೆ. ಅವತ್ತಿನಿಂದ ಹುಟ್ಟಿದವರೆಲ್ಲ ಹೊರಗೆ ಬಿದ್ದವರೇ. ನಮ್ಮ ಕೈಯಲ್ಲಿ ವಾಪಸು ಹೋಗಲು ಆಗುವುದಿಲ್ಲ. ಅದಕ್ಕೆ ತಪ್ಪಿಲ್ಲದ ಯೇಸುಸ್ವಾಮಿ ನಮ್ಮ ಬದಲು ಸತ್ತು ದಾರಿ ತೆರೆದರು.

ಇದನ್ನು ಕೇಳಿ ನಾನು ಅತ್ತೆ. ನನ್ನ ಪಾಪ ಸಿಟ್ಟು. ಆ ಸಿಟ್ಟಿನಲ್ಲಿ ನಿಮ್ಮ ಅಣ್ಣನ ಮೇಲೆ ಮಚ್ಚು ಎತ್ತಿದೆ. ದೇವರು ನನ್ನನ್ನು ಕ್ಷಮಿಸಿದ್ದಾನೆ. ನೀವೂ ನಿಮ್ಮ ತಾಯಿ ಮುದ್ದಮ್ಮನವರೂ ಕ್ಷಮಿಸಿದರೆ ನನಗೆ ಬೇರೇನೂ ಬೇಡ.

ಇಂದ್ರೇಶ್


ಗೆಂಡೆಹಳ್ಳಿ
3 ಏಪ್ರಿಲ್ 1999

ಇಂದ್ರೇಶ್,

ಸ್ಕೂಲಿನ ವಿಳಾಸಕ್ಕೆ ಕಾರಾಗೃಹದ ಸೀಲು ಹೊತ್ತ ಕಾಗದ ಕಳಿಸಿದ್ದೀಯ. ಹೆಡ್‌ಮಾಸ್ಟರು ಅದನ್ನು ಎರಡು ಬೆರಳಲ್ಲಿ ಹಿಡಿದು ತಂದುಕೊಟ್ಟರು. ಒಂದು ವಾರ ಸ್ಟಾಫ್‌ರೂಮಿನಲ್ಲಿ ಅದೇ ಮಾತು.

ನಮ್ಮವ್ವ ನಿನ್ನನ್ನು ಬುದ್ದೀ ಎಂದು ಕರೆಯುತ್ತಿದ್ದಳು, ನೀನು ಐದು ವರ್ಷದ ಹುಡುಗನಾಗಿದ್ದಾಗಲೂ. ನಾನು ಹಾಗೆ ಕರೆಯುವವಳಲ್ಲ. ನೀನು ನನ್ನನ್ನು ಅವರು, ನೀವು ಎಂದು ಬರೆದದ್ದನ್ನು ನೋಡಿ ನಗು ಬಂತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ.

ಸಿಟ್ಟು ನಿನ್ನ ಪಾಪವಂತೆ. ಎಷ್ಟು ಚಿಕ್ಕ ಮಾತು. ನಾನು ನೋಡಿದ್ದನ್ನು ಹೇಳುತ್ತೇನೆ, ಓದು. ಆಗ ನನಗೆ ಹದಿನೇಳು. ಮಧ್ಯಾಹ್ನ ಯಾರೋ ಕೇರಿಗೆ ಓಡಿಬಂದು, ಕಲ್ಲೇಶಪ್ಪನವರ ತೋಟದಲ್ಲಿ ಲಕ್ಷ್ಮೀಶನನ್ನು ಹೊಡೀತಾವ್ರೆ ಅಂದರು. ಅವ್ವ ರಾಗಿ ಬೀಸುತ್ತಿದ್ದವಳು ಹಾಗೇ ಎದ್ದಳು. ನಾವು ಹೋಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ಗಾಡಿಹಗ್ಗದಲ್ಲಿ ಮರಕ್ಕೆ ಕಟ್ಟಿದ್ದಿರಿ. ಕತ್ತು ಒಂದು ಕಡೆ ವಾಲಿ ನೇತಾಡುತ್ತಿತ್ತು. ತುಟಿಯಿಂದ ಕಿವಿಯವರೆಗೆ ಬಾಯಿ ಎರಡಾಗಿತ್ತು, ಹಲ್ಲು ಎದೆಯ ಮೇಲೆ ಬಿದ್ದಿದ್ದವು. ಅವ್ವ ಸೆರಗಿನಲ್ಲಿ ಅವನ ಕೆನ್ನೆ ಕೂಡಿಸಿ ಹಿಡಿದುಕೊಂಡು ಕೂತಳು. ಪೊಲೀಸರು ಬರುವವರೆಗೆ ಬಿಡಲಿಲ್ಲ. ಬಿಎ ಎರಡನೇ ವರ್ಷ ಓದುತ್ತಿದ್ದ ಹುಡುಗ, ರಜೆಯಲ್ಲಿ ನಿಮ್ಮ ತೋಟದ ಕಾಯಿ ಹೊರಲು ಬಂದವನು.

ನಿನ್ನ ಅಪ್ಪ ಹೊಡೆದದ್ದನ್ನು ನೋಡಿದವರು ಕೋರ್ಟಿನಲ್ಲಿ ನೋಡಿಲ್ಲ ಎಂದರು. ನಿನಗೆ ಹತ್ತು ವರ್ಷ ಮಾತ್ರ ಕೊಟ್ಟರು, ಯಾಕೆಂದರೆ ನಿನ್ನ ವಕೀಲರು ಹೇಳಿದರು, ಇವನು ಮನೆದೇವರ ಮೀಸಲು ಮುರಿದ ಕಳ್ಳನನ್ನು ಕಂಡು ಸಿಟ್ಟಿನ ಭರದಲ್ಲಿ ಹೊಡೆದ ಎಂದು. ತೀರ್ಪಿನಲ್ಲಿ ಹಾಗೇ ಬರೆದಿದೆ. ಮೀಸಲು ಮರ ಎಂದರೇನು ಎಂದು ಜಡ್ಜ್ ಸಾಹೇಬರು ಕೇಳಿ ಬರೆಸಿಕೊಂಡರು. ಕಾರ್ತೀಕ ಸೋಮವಾರ ಮೊದಲ ಗೊನೆ ದೇವರಿಗೆ ಇಳಿಯುವವರೆಗೆ ಯಾರೂ ಮುಟ್ಟದ ಮರ, ಕೆಳಗೆ ಉದುರಿದ ಕಾಯಿಯನ್ನೂ ಎತ್ತದ ಮರ. ನಮ್ಮವರಂತೂ ಅದರ ನೆರಳನ್ನೂ ಬಳಸಿ ಹೋಗಬೇಕು.

ಏಳು ವರ್ಷದಿಂದ ನನ್ನ ಅಣ್ಣನ ಹೆಸರಿನ ಹಿಂದೆ ಕಳ್ಳ ಅಂಟಿಕೊಂಡಿದೆ. ಅವ್ವನೂ ನಂಬಿದ್ದಾಳೆ. ಯಾಕಪ್ಪಾ ಮುಟ್ಟಿದೆ ಅದನ್ನ, ನಾನು ಹೇಳಿಕೊಟ್ಟಿರಲಿಲ್ಲವಾ ಎಂದು ಗೋಡೆಯ ಫೋಟೋವನ್ನು ಬೈಯುತ್ತಾಳೆ. ನಾನು ಮಾತ್ರ ನಂಬಿಲ್ಲ. ಅವನನ್ನು ಬಲ್ಲೆ.

ಕ್ಷಮೆ ಆಮೇಲಿನ ಮಾತು. ಒಂದೇ ಪ್ರಶ್ನೆ ಕೇಳುತ್ತೇನೆ, ಉತ್ತರ ಕೊಡು. ಆ ಮರದ ಎಳನೀರನ್ನು ನನ್ನ ಅಣ್ಣ ಕಿತ್ತನೇ?

ಮಂಜುಳಾ


ಮೈಸೂರು
20 ಏಪ್ರಿಲ್ 1999

ಮಂಜುಳಾ ಅವರಿಗೆ,

ನಿಮ್ಮ ಕಾಗದ ಬಂತು. ನಾಲ್ಕು ದಿನ ಊಟ ಸೇರಲಿಲ್ಲ. ನೀವು ಬರೆದ ಪ್ರತಿ ಮಾತಿಗೂ ನಾನು ಅರ್ಹ.

ಆದರೆ ತಂಗಿಯ ಹಾಗಿರುವ ನಿಮಗೆ ಒಂದು ಮಾತು. ಆ ಎಳನೀರಿನ ವಿಚಾರವನ್ನು ಎಷ್ಟು ದಿನ ಮನಸ್ಸಿನಲ್ಲಿ ಇಟ್ಟುಕೊಂಡು ಕೊರಗುತ್ತೀರಿ? ಯಾರು ಕಿತ್ತರು ಯಾರು ಕುಡಿದರು ಎಂಬುದು ಮನುಷ್ಯರ ಲೆಕ್ಕ. ದೇವರ ಮುಂದೆ ಎಲ್ಲರೂ ತಪ್ಪಿದವರೇ, ನಾನೂ, ನೀವೂ, ಅವನೂ. ಲಕ್ಷ್ಮೀಶನಿಂದ ಏನಾದರೂ ತಪ್ಪಾಗಿದ್ದರೆ ಅದನ್ನೂ ದೇವರು ಮನ್ನಿಸಿರುತ್ತಾನೆ. ನಾನಂತೂ ಅವನ ಮೇಲೆ ಏನೂ ಇಟ್ಟುಕೊಂಡಿಲ್ಲ. ನಿಮಗಾಗಿ, ನಿಮ್ಮ ತಾಯಿಗಾಗಿ ದಿನಾ ಬೆಳಗ್ಗೆ ಮೊಣಕಾಲೂರುತ್ತೇನೆ.

ಇಂದ್ರೇಶ್


ಗೆಂಡೆಹಳ್ಳಿ
2 ಮೇ 1999

ಇಂದ್ರೇಶ್,

ನೀನು ಅವನ ಮೇಲೆ ಏನೂ ಇಟ್ಟುಕೊಂಡಿಲ್ಲವಂತೆ. ಮಚ್ಚೊಂದನ್ನು ಇಟ್ಟಿದ್ದೆ, ಸಾಕಾಗಿತ್ತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುತ್ತಾರೆ. ನಾನು ಕೇಳಿದ್ದು ಹೌದು ಇಲ್ಲ ಎಂಬ ಪ್ರಶ್ನೆ. ನೀನು ಕೊಟ್ಟದ್ದು ಪ್ರವಚನ.

ಇಲ್ಲಿ ಆಸ್ಪತ್ರೆಯ ನರ್ಸಮ್ಮ ನಿನ್ನ ಹೊಸ ಮತದವರೇ. ತೋಟದ ಕಥೆ ಪೂರ್ತಿ ಹೇಳಿ ಎಂದು ಕೇಳಿದೆ. ಹೇಳಿದರು. ನೀನು ಒಂದು ತುಣುಕು ಬಿಟ್ಟು ಬರೆದಿದ್ದೀಯ. ತಿಂದವನು ಮರಗಳ ಹಿಂದೆ ಅವಿತುಕೊಂಡನಂತೆ. ದೇವರು ಕೇಳಿದಾಗ ನಾನಲ್ಲ, ಪಕ್ಕದಲ್ಲಿರುವ ಇವಳು ಎಂದನಂತೆ. ಅದನ್ನು ಯಾಕೆ ಬಿಟ್ಟೆ?

ನಾನು ಕೋರ್ಟಿನ ಕಾಗದಗಳನ್ನು ಆಗಾಗ ತೆಗೆದು ಓದುತ್ತೇನೆ. ಮಹಜರಿನಲ್ಲಿ ಮರದ ಕೆಳಗೆ ಎರಡು ಎಳನೀರು ಬುರುಡೆ ಎಂದಿದೆ. ಒಂದನ್ನು ಸೀಳಿ ಒಳಗಿನ ಗಂಜಿ ತಿಂದಿದ್ದಾರೆ, ಇನ್ನೊಂದನ್ನು ಸೀಳಿಲ್ಲ. ಪ್ರಾಣಭಯ ಇರುವ ಕಳ್ಳ ಕೂತು ಎರಡು ಕುಡಿಯುತ್ತಾನೆಯೇ? ಕುಡಿದರೂ ಒಂದನ್ನು ಸೀಳಿ ಒಂದನ್ನು ಹಾಗೇ ಬಿಡುತ್ತಾನೆಯೇ? ಅಲ್ಲಿ ಇಬ್ಬರಿದ್ದರು. ಪೊಲೀಸರಿಗೆ ಹೊಳೆಯಲಿಲ್ಲ, ಜಡ್ಜಿಗೆ ಹೊಳೆಯಲಿಲ್ಲ, ನಮ್ಮ ಕೇರಿಯವರಿಗೂ ಹೊಳೆಯಲಿಲ್ಲ. ಯಾಕೆಂದರೆ ಮೀಸಲು ಕಟ್ಟಿದ ಮನೆಯವರೇ ಮೀಸಲು ಮುರಿಯುತ್ತಾರೆ ಎಂದು ಕಣಕಟ್ಟೆಯಲ್ಲಿ ಯಾರ ತಲೆಗೂ ಬರುವುದಿಲ್ಲ.

ನೀನು ಲಾಕಪ್ಪಿಗೆ ಹೋದ ಮೇಲೆ ಏನಾಯಿತು ಗೊತ್ತೇ? ಅಣ್ಣ ಸತ್ತ ಹದಿಮೂರನೇ ದಿನ ನಿನ್ನ ಅಪ್ಪ ಹೇಳಿಕಳಿಸಿದರು. ಮೀಸಲು ಕೆಟ್ಟಿದೆ, ಸತ್ತವನ ಕಡೆಯವರು ತಪ್ಪುಕಾಣಿಕೆ ಒಪ್ಪಿಸುವವರೆಗೆ ಕೇರಿಯ ಒಂದು ಆಳನ್ನೂ ಯಾವ ತೋಟಕ್ಕೂ ಕರೆಯುವಂತಿಲ್ಲ ಎಂದು. ಕೇರಿಯ ಯಜಮಾನ ತಮ್ಮಯ್ಯ ಬಂದು ಅವ್ವನ ಕಾಲು ಹಿಡಿದ. ಮಕ್ಳು ಹಸ್ಕಂಡವೆ ಮುದ್ದಕ್ಕ, ಒಂದ್ಸಲ ಬಗ್ಗಿಬುಡು ಅಂದ. ಅವ್ವ ಇಪ್ಪತ್ತೊಂದು ಕಾಯಿ ತಲೆ ಮೇಲೆ ಹೊತ್ತು ಕೆರೆ ಏರಿ ದಾಟಿ ನಿಮ್ಮ ತೋಟಕ್ಕೆ ಹೋದಳು. ಮರದ ಬುಡ ಇನ್ನೂ ಕಪ್ಪಗೆ ಒಣಗಿತ್ತು, ಇರುವೆ ಮುತ್ತಿದ್ದವು. ಮಗನ ರಕ್ತಕ್ಕೆ ಹಣೆ ಹಚ್ಚಿ, ನನ್ನ ಮಗ ತಪ್ಪು ಮಾಡ್ದ, ಹೊಟ್ಟೇಲಿ ಹಾಕ್ಕಳಪ್ಪ ಅಂದಳು. ನಿನ್ನ ಅಪ್ಪ ಇನ್ನೂ ಜೋರಾಗಿ ಹೇಳು ಎಂದರು. ಹೇಳಿದಳು. ನಮ್ಮಪ್ಪ ಜವರಯ್ಯ ಅವತ್ತು ಮಲಗಿದವನು ಏಳಲಿಲ್ಲ, ವರ್ಷ ತುಂಬುವುದರೊಳಗೆ ಹೋದ.

ಉತ್ತರ ಇಲ್ಲದಿದ್ದರೆ ಬರೆಯಬೇಡ.

ಮಂಜುಳಾ


ಮೈಸೂರು
9 ಜನವರಿ 2000

ಮಂಜುಳಾ ಅವರಿಗೆ,

ಎಂಟು ತಿಂಗಳು ಬರೆಯಲಿಲ್ಲ. ಬರೆಯಲು ಕೂತಾಗಲೆಲ್ಲ ಕಾಗದ ಹರಿದೆ. ನಿಮ್ಮ ತಾಯಿ ತಪ್ಪುಕಾಣಿಕೆ ಹೊತ್ತದ್ದು ನನಗೆ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ. ಓದಿದ ದಿನ ಬ್ಯಾರಕ್ಕಿನ ಗೋಡೆಗೆ ತಲೆ ಜಜ್ಜಿಕೊಂಡೆ, ಎಂಟು ಹೊಲಿಗೆ ಹಾಕಿದರು. ಅದರಿಂದಲೂ ಏನೂ ಆಗಲಿಲ್ಲ. ಹೊಲಿಗೆ ಬಿಚ್ಚಿದ ಮೇಲೂ ಪ್ರಶ್ನೆ ಹಾಗೇ ಇತ್ತು.

ಕ್ರಿಸ್‌ಮಸ್ಸಿಗೆ ಬಂದ ಪಾದ್ರಿಗಳಿಗೆ ಎಲ್ಲ ಹೇಳಿದೆ. ಇಷ್ಟು ದಿನ ಅವರಿಗೂ ಅರ್ಧವೇ ಹೇಳಿದ್ದು. ಆಗ ಅವರು, ನೀನು ದೀಕ್ಷಾಸ್ನಾನದ ನೀರಿನಿಂದ ಎದ್ದು ಬಂದೆ ಅಂದುಕೊಂಡಿದ್ದೆ, ಇನ್ನೂ ಆ ಮರದ ಹಿಂದೆಯೇ ಅವಿತಿದ್ದೀಯ ಎಂದರು. ದೇವರಿಗೆ ಹೇಳಿದ್ದೇನಲ್ಲ ಎಂದೆ. ದೇವರಿಗೆ ಮೊದಲೇ ಗೊತ್ತಿತ್ತು, ಗೊತ್ತಿಲ್ಲದವರಿಗೆ ಹೇಳು ಎಂದರು. ಈ ಕಾಗದವನ್ನು ಅವರ ಕೈಯಲ್ಲಿ ಗುಟ್ಟಾಗಿ ಕಳಿಸಬಹುದಿತ್ತು. ಇಲ್ಲಿನ ಸಾಹೇಬರು ಓದಿ ಸೀಲು ಒತ್ತಲಿ ಎಂದೇ ಟಪಾಲಿಗೆ ಹಾಕುತ್ತಿದ್ದೇನೆ.

ನಿಮ್ಮ ಅಣ್ಣ ಕೀಳಲಿಲ್ಲ. ಕಿತ್ತವನು ನಾನು.

ಅವತ್ತು ನಾವಿಬ್ಬರೇ ಟ್ರ್ಯಾಕ್ಟರಿಗೆ ಕಾಯಿ ತುಂಬುತ್ತಿದ್ದೆವು. ಬಿಸಿಲು ಸುಡುತ್ತಿತ್ತು. ಹೈಸ್ಕೂಲಿನಲ್ಲಿ ಒಂದೇ ಕ್ಲಾಸಿನಲ್ಲಿದ್ದವರು ನಾವು, ಯಾರೂ ಇಲ್ಲದಾಗ ಚೆನ್ನಾಗಿ ಮಾತಾಡುತ್ತಿದ್ದೆವು. ಆ ಮರದ ಎಳನೀರು ತೋಟಕ್ಕೆಲ್ಲ ಸಿಹಿ ಎಂದು ಚಿಕ್ಕಂದಿನಿಂದ ಕೇಳಿದ್ದೆ. ಒಂದು ಸಲ ಕುಡಿದು ನೋಡಬೇಕು ಅನ್ನಿಸಿತು. ಅಷ್ಟೇ. ಬಾಯಾರಿಕೆಗೆ ಬೇರೆ ಇನ್ನೂರು ಮರ ಇದ್ದವು. ಲಕ್ಷ್ಮೀಶ, ಬ್ಯಾಡ ಇಂದ್ರಣ್ಣ, ಅದು ಮೀಸ್ಲು ಅಂದ. ನಮ್ಮನೆ ಮರ ಕಣೋ, ನಿಂಗ್ಯಾಕೆ ಭಯ ಅಂದೆ. ಹತ್ತಿ ಎರಡು ಕೆಡವಿದೆ. ಒಂದು ಕೆತ್ತಿ ಅವನ ಕೈಗೆ ಕೊಟ್ಟೆ. ಮನೆಯ ಮಗನೇ ಕೊಟ್ಟಾಗ ಬೇಡ ಅನ್ನುವುದು ಹೇಗೆ ಎಂದು ಕುಡಿದ. ಗಂಜಿ ತಿನ್ನಲು ಒಪ್ಪಲಿಲ್ಲ. ನಾನು ಸೀಳಿಕೊಂಡು ತಿಂದೆ.

ಅಷ್ಟರಲ್ಲಿ ಅಪ್ಪ, ಜೊತೆಗೆ ಚಿಕ್ಕಪ್ಪ ಷಡಕ್ಷರಪ್ಪ ಬಂದರು. ಬುರುಡೆ ಕಂಡು ಅಪ್ಪನ ಮುಖ ಕಪ್ಪಿಟ್ಟಿತು. ಯಾವನ್ಲಾ ಇದು ಅಂದರು. ನನಗೆ ಆಗ ಇಪ್ಪತ್ತು ವರ್ಷ, ಮಂಜುಳಾ. ಅಪ್ಪನ ಮುಂದೆ ಚಡ್ಡಿ ಒದ್ದೆ ಮಾಡಿಕೊಳ್ಳುವ ವಯಸ್ಸಲ್ಲ. ಆದರೂ ಬಾಯಿಂದ ಬಂದದ್ದು, ನಾನು ಬರೋ ಹೊತ್ಗೆ ಇವನು ಕುಡೀತಾ ಇದ್ದ ಎಂದು.

ಕಟ್ಟಿದರು. ಹಗ್ಗ ಹಿಡಿದವರಲ್ಲಿ ನಾನೂ ಒಬ್ಬ. ಕೂಗು ಕೇಳಿ ಪಕ್ಕದ ತೋಟದವರು ಬೇಲಿಯ ಹತ್ತಿರ ಬಂದು ನಿಂತರು. ಅಪ್ಪ ಕೆಳಗೆ ಬಿದ್ದಿದ್ದ ತೆಂಗಿನ ಹೆಡೆಮಟ್ಟೆ ತೆಗೆದುಕೊಂಡು ಹೊಡೆದರು, ಅದು ಮುರಿದ ಮೇಲೆ ಇನ್ನೊಂದು. ಮೂಗು ಒಡೆಯಿತು, ಹಲ್ಲು ಉದುರಿದವು. ಮರ ಮುಟ್ಟಾಕೆ ಎಲ್ಲಿಂದ ಬಂತ್ಲಾ ಧೈರ್ಯ ಎಂದು ಕೇಳುತ್ತಾ ಹೊಡೆದರು. ಅವನು ಹೇಳಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದ. ನಾನೇ ಹೇಳುತ್ತೇನೆ ಎಂದು ಕಾಯುತ್ತಿದ್ದ. ಕೊನೆಗೆ ತಡೆಯಲಾರದೆ, ಇಂದ್ರಣ್ಣ, ನೀವೇ ಹೇಳಿ ಅಂದ.

ಅಪ್ಪ ತಿರುಗಿ ನನ್ನನ್ನು ನೋಡಿದರು. ಏನ್ಲಾ ಅದು ಹೇಳಾದು ಅಂದರು. ನನ್ನ ಕೈಯಲ್ಲಿ ಮಚ್ಚಿತ್ತು. ಲಕ್ಷ್ಮೀಶ ಮತ್ತೆ ಬಾಯಿ ತೆರೆದ. ನಾನು ಆ ಬಾಯಿಗೇ ಹೊಡೆದೆ. ಎರಡನೆಯದು ಕತ್ತಿಗೆ.

ಸಿಟ್ಟು ಎಂದು ಕೋರ್ಟಿಗೆ ಹೇಳಿದೆ, ನಿಮಗೂ ಹೇಳಿದೆ. ಸಿಟ್ಟು ಎಳ್ಳಷ್ಟೂ ಇರಲಿಲ್ಲ. ಅವನು ಮಾತಾಡಬಾರದಾಗಿತ್ತು, ಅಷ್ಟೇ.

ಇಂದ್ರೇಶ್


ಕಣಕಟ್ಟೆ
17 ಮಾರ್ಚ್ 2000

ಇಂದ್ರೇಶ್,

ನಿನ್ನ ಕಾಗದ ಓದಿ ಮೂರು ದಿನ ರಜೆ ಹಾಕಿ ಮಲಗಿದೆ. ನಾಲ್ಕನೇ ದಿನ ಬೇಲೂರಿಗೆ ಹೋಗಿ ಒಂದು ಮಚ್ಚು ಕೊಂಡೆ. ಅಂಗಡಿಯವನು ಯಾತಕ್ಕಕ್ಕಾ ಅಂದ. ಕಾಯಿಗೆ ಅಂದೆ. ನೀನು ಹೊರಗೆ ಬಂದ ದಿನ ನಿನ್ನ ಬಾಯಿಗೆ ಹೊಡೆಯಬೇಕು ಎಂದು ನಿಶ್ಚಯ ಮಾಡಿದ್ದೇನೆ. ಇದನ್ನೂ ಸಾಹೇಬರು ಓದಿ ಸೀಲು ಒತ್ತಲಿ. ಮಕ್ಕಳಿಗೆ ಅಹಿಂಸೆಯ ಪಾಠ ಮಾಡುವವಳು ನಾನು. ಮನೆಯಲ್ಲಿ ಬುದ್ಧನ ಫೋಟೋ ಇದೆ. ಈಗ ಅದರ ಕಡೆ ಬೆನ್ನು ಹಾಕಿ ಮಲಗುತ್ತೇನೆ.

ಬೇಲೂರು, ಹಳೇಬೀಡು, ಅರಸೀಕೆರೆ ಎಂದು ಮೂರು ಬಸ್ಸು ಬದಲಿಸಿ ಇಲ್ಲಿಗೆ ಬಂದು ಅವ್ವನಿಗೆ ನಿನ್ನ ಕಾಗದ ಓದಿದೆ. ಅವಳು ಕುಣಿದಾಡುತ್ತಾಳೆ ಅಥವಾ ಎದೆ ಬಡಿದುಕೊಂಡು ಅಳುತ್ತಾಳೆ ಅಂದುಕೊಂಡಿದ್ದೆ. ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. ಕಾಗ್ದ ಏನು ಬೇಕಾದ್ರೂ ಹೇಳ್ತದೆ ಕಣೇ ಮಂಜಿ ಅಂದಳು. ಕಳ್ಳ ಅಂತ ಊರು ಅಂದಿದ್ದು ಬಾಯಲ್ಲಿ. ಹೋಗಾದೂ ಬಾಯಲ್ಲೇ ಹೋಗ್ಬೇಕು.

ಅವಳು ಹೇಳಿದ್ದೇ ಸರಿ. ನಿನ್ನ ಕಾಗದ ನನ್ನ ಟ್ರಂಕಿನಲ್ಲಿರುತ್ತದೆ, ನನ್ನ ಅಣ್ಣ ಊರಿನ ಬಾಯಲ್ಲಿ ಕಳ್ಳನಾಗಿಯೇ ಇರುತ್ತಾನೆ. ಬಂದು ಹೇಳು. ಆ ಮರದ ಕೆಳಗೆ, ನಿನ್ನ ಅಪ್ಪನ ಎದುರಿಗೆ, ಮೀಸಲು ಇಳಿಸುವ ದಿನ ಊರೆಲ್ಲ ಸೇರಿದಾಗ.

ನಿಮ್ಮ ಪಾದ್ರಿಗಳು ಹೇಳುವುದನ್ನು ನಾನು ಒಪ್ಪುತ್ತೇನೆ, ಅವರಿಗೆ ತಿಳಿಸು. ತಪ್ಪಿಲ್ಲದವನೊಬ್ಬ ನಿನ್ನ ಬದಲು ಸತ್ತ. ಅವನನ್ನು ಹೆತ್ತವಳು ಅವರೆಕಾಯಿ ಬಿಡಿಸುತ್ತಾ ನನ್ನ ಪಕ್ಕದಲ್ಲೇ ಕೂತಿದ್ದಾಳೆ.

ಮಂಜುಳಾ


ಮೈಸೂರು
21 ಆಗಸ್ಟ್ 2000

ಮಂಜುಳಾ ಅವರಿಗೆ,

ನಿಮ್ಮ ಕೊನೆಯ ಮಾತನ್ನು ಪಾದ್ರಿಗಳಿಗೆ ಓದಿದೆ. ಅವರು ತಲೆ ತಗ್ಗಿಸಿ ಕೂತರು. ಆ ಹೆಣ್ಣುಮಗಳಿಗೆ ನಾನು ಹೇಳಿಕೊಡುವುದು ಏನೂ ಇಲ್ಲ ಎಂದರು.

ಸನ್ನಡತೆಯ ರಿಯಾಯಿತಿ ಕಳೆದು ನನ್ನ ಬಿಡುಗಡೆ ನವೆಂಬರ್ ಹದಿನೆಂಟಕ್ಕೆ ಎಂದು ಗೊತ್ತಾಗಿದೆ. ಹೋದ ವಾರ ಅಪ್ಪ ಬಂದಿದ್ದರು. ತುಂಬಾ ಸಡಗರದಲ್ಲಿದ್ದರು. ಕೊಬ್ಬರಿ ಅಟ್ಟ ಹೊಸದಾಗಿ ಕಟ್ಟಿಸಿದ್ದಾರಂತೆ, ಬಾಣಾವರದ ಕಡೆ ಒಂದು ಹುಡುಗಿ ನೋಡಿಟ್ಟಿದ್ದಾರಂತೆ. ಈ ಸಲ ಕಡೇ ಕಾರ್ತೀಕ ಸೋಮವಾರ ಮೀಸಲು ಗೊನೆ ನೀನೇ ಇಳಿಸಬೇಕು ಕಣೋ, ಅಲ್ಲಿಗೆ ಎಲ್ಲ ಸರಿಹೋದಂಗೆ ಅಂದರು.

ಜಾಲರಿಯ ಈಚೆಯಿಂದ ಅವರಿಗೆ ನಿಜ ಹೇಳಿದೆ. ಮೊದಲು ಅರ್ಥವಾಗಲಿಲ್ಲ. ಎರಡನೇ ಸಲ ಹೇಳಿದಾಗ ಕೂತಲ್ಲಿಂದ ಎದ್ದು ನಿಂತರು. ಎಂಟು ವರ್ಷದಿಂದ ತಾವು ಮಾಡಿದ್ದನ್ನು ದೇವರ ಕೆಲಸ ಅಂದುಕೊಂಡು ನೆಮ್ಮದಿಯಾಗಿ ಮಲಗಿದವರು. ಜಾಲರಿಗೆ ಉಗಿದರು. ಇಲ್ಲೇ ಹೂತಾಕ್ಬುಡು ಇದನ್ನ, ಊರಾಗೆ ಬಾಯಿ ಬಿಟ್ರೆ ನಿನ್ನ ನಾನೇ ಕಡಿತೀನಿ ಅಂದರು. ಅಪ್ಪ ಆಡಿದ್ದನ್ನು ಮಾಡುವವರು. ನೀವೇ ಕಂಡಿದ್ದೀರಿ.

ನನಗೆ ಭಯ ಆಗುತ್ತಿದೆ. ಭಯ ಇಲ್ಲ ಎಂದರೆ ಮತ್ತೆ ಸುಳ್ಳು ಹೇಳಿದಂತೆ. ಆದರೂ ನವೆಂಬರ್ ಇಪ್ಪತ್ತನೇ ತಾರೀಖು ಸೋಮವಾರ ಬೆಳಗ್ಗೆ ಮರದ ಹತ್ತಿರ ಇರುತ್ತೇನೆ. ನಿಮ್ಮ ತಾಯಿಯನ್ನು ಕರೆದುಕೊಂಡು ಬನ್ನಿ. ಮಚ್ಚನ್ನೂ ತರಬೇಕೆಂದಿದ್ದರೆ ತನ್ನಿ. ನಾನು ಹೇಳಿ ಮುಗಿಸುವವರೆಗೆ ಮಾತ್ರ ತಡೆಯಿರಿ.

ಇಂದ್ರೇಶ್


ಆಸ್ಪತ್ರೆ, ಅರಸೀಕೆರೆ
4 ಡಿಸೆಂಬರ್ 2000

ಮಂಜುಳಾ ಅವರಿಗೆ,

ದವಡೆಗೆ ತಂತಿ ಬಿಗಿದಿದ್ದಾರೆ, ಮಾತಾಡಲು ಆಗುವುದಿಲ್ಲ. ಎಡಗೈ ಮುರಿದಿದೆ. ಬಲಗೈ ಉಳಿದಿರುವುದರಿಂದ ಬರೆಯುತ್ತಿದ್ದೇನೆ. ಅವತ್ತು ಅರ್ಧ ಹೇಳುವುದರೊಳಗೆ ಏಟು ಬಿತ್ತು. ಆಮೇಲಿನದು ನನಗೆ ಸರಿಯಾಗಿ ನೆನಪಿಲ್ಲ. ಪೂರ್ತಿ ಹೇಳಿದೆನೋ ಇಲ್ಲವೋ ಎಂಬುದೇ ನನ್ನ ಚಿಂತೆ. ನೀವು ಅಲ್ಲಿದ್ದಿರೇ? ನಿಮ್ಮನ್ನು ಗುಂಪಿನಲ್ಲಿ ಕಂಡ ಹಾಗಾಯಿತು.

ಒಂದು ಸಮಾಧಾನದ ಸಂಗತಿ. ದಿನಾ ಬೆಳಗ್ಗೆ ನಾನು ಕಣ್ಣು ಬಿಡುವ ಮೊದಲೇ ಯಾರೋ ರಾಗಿ ಗಂಜಿ ತಂದು ಆಯಾ ಕೈಯಲ್ಲಿ ಕೊಟ್ಟು ಹೋಗುತ್ತಾರೆ. ಯಾರು ಎಂದು ಬರೆದು ಕೇಳಿದೆ. ನಿಮ್ಮ ತಾಯಿ ಎಂದಳು ಆಯಾ. ಅಪ್ಪನ ಕಣ್ಣು ತಪ್ಪಿಸಿ ನಮ್ಮವ್ವ ಬಸಮ್ಮ ಕಣಕಟ್ಟೆಯಿಂದ ಬಸ್ಸು ಹತ್ತಿ ಬರುತ್ತಿದ್ದಾಳೆ. ಹೆತ್ತ ಕರುಳು ಬಿಡುತ್ತದೆಯೇ? ಆ ಗಂಜಿ ಕುಡಿಯುವಾಗ ನನ್ನನ್ನು ಮತ್ತೆ ಒಳಗೆ ಕರೆದುಕೊಂಡರು ಅನ್ನಿಸುತ್ತದೆ.

ಇಂದ್ರೇಶ್


ಗೆಂಡೆಹಳ್ಳಿ
11 ಡಿಸೆಂಬರ್ 2000

ಇಂದ್ರೇಶ್,

ನಾನು ಅಲ್ಲಿದ್ದೆ. ನನ್ನ ಚೀಲದಲ್ಲಿ ಮಚ್ಚಿತ್ತು. ಅದನ್ನು ತೆಗೆಯಲು ನನಗೆ ಬಿಡುವಾಗಲಿಲ್ಲ, ನಿನ್ನವರೇ ಮುಂದಾದರು. ನಿನಗೆ ನೆನಪಿಲ್ಲದ್ದನ್ನು ಬರೆಯುತ್ತೇನೆ.

ಪೂಜೆ ಆಗಿ ಏಣಿ ಇಟ್ಟಿದ್ದರು. ನಮ್ಮ ಕೇರಿಯವರು ಎಂದಿನಂತೆ ಬೇಲಿಯ ಆಚೆ ನಿಂತಿದ್ದೆವು. ನಿನ್ನನ್ನು ಹತ್ತಲು ಕರೆದರು. ನೀನು ಏಣಿಗೆ ಬೆನ್ನು ಕೊಟ್ಟು ನಿಂತು, ಈ ಮರದ ಮೀಸಲು ಮುರಿದವನು ಲಕ್ಷ್ಮೀಶ ಅಲ್ಲ ಎಂದೆ. ಅಲ್ಲಿಗೆ ನಿನ್ನ ಅಪ್ಪ ಏಣಿಗೆ ಆನಿಸಿದ್ದ ಗುದ್ದಲಿಯ ಕಾವನ್ನು ಬೀಸಿದರು. ದವಡೆ ಮುರಿದ ಸದ್ದು ಬೇಲಿಯವರೆಗೂ ಕೇಳಿಸಿತು. ನೀನು ಬಿದ್ದೆ. ಆಮೇಲೆ ಷಡಕ್ಷರಪ್ಪ, ಅವರ ಮಕ್ಕಳು, ಪೂಜೆಗೆ ಬಂದಿದ್ದ ನೆಂಟರು ಎಲ್ಲರೂ ಕೈ ಕಾಲು ಎರಡೂ ಆಡಿಸಿದರು. ನಿನ್ನ ಕೈ ಮೇಲೆ ಒಬ್ಬ ನಿಂತೇಬಿಟ್ಟ. ಮನೆದೇವ್ರ ಮುಂದೆ ಸುಳ್ಳು ಹೇಳ್ತಾನೆ, ಮತ ಕೆಟ್ಟವನು ಎಂದು ಕೂಗುತ್ತಿದ್ದರು. ಹೇಳಿಬಿಡುತ್ತೇನೆ, ನನಗೆ ಮೊದಲು ಸಂತೋಷವಾಯಿತು. ಪ್ರತಿ ಏಟನ್ನೂ ನೋಡಿದೆ, ಕಣ್ಣು ಮುಚ್ಚಲಿಲ್ಲ. ಆಮೇಲೆ ಅದು ಸಾಕಾಯಿತು. ನನ್ನ ಅಣ್ಣನೂ ಹೀಗೇ ಸತ್ತದ್ದು ಎಂದು ಅನ್ನಿಸಿತು.

ಅವ್ವ ಬೇಲಿ ದಾಟಿದ್ದು ನನಗೆ ಗೊತ್ತೇ ಆಗಲಿಲ್ಲ. ನೋಡುವಷ್ಟರಲ್ಲಿ ಗುಂಪಿನ ನಡುವೆ ಇದ್ದಳು. ಅವಳಿಗೂ ಎರಡು ಏಟು ಬಿದ್ದವು. ಮುದುಕಿ ಮೈಗೆ ಕೈ ತಗುಲಿದ ಮೇಲೆ ಅವರು ಸ್ನಾನ ಮಾಡಬೇಕಲ್ಲ, ಅದಕ್ಕೋ ಏನೋ ಹಿಂದೆ ಸರಿದರು. ಅವಳು ನಿನ್ನ ತಲೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಹೇಳಿದಳು. ತಡೀರಪ್ಪಾ, ನಂಗೆ ಸರಿಯಾಗಿ ಕೇಳಿಸ್ನಿಲ್ಲ. ಇನ್ನೊಂದ್ಸಲ ಹೇಳ್ಲಿ, ಆಮೇಲೆ ಹೊಡೀರಿ.

ನಿನ್ನ ಬಾಯಿ ಸೊಟ್ಟಗಾಗಿ ರಕ್ತ ಸುರಿಯುತ್ತಿತ್ತು. ನೀನು ಹೇಳಿದೆ. ಲಕ್ಷ್ಮೀಶ ಕೀಳ್ಲಿಲ್ಲ, ನಾನು ಕಿತ್ತೆ, ಅವನು ಹೇಳ್ತಾನೆ ಅಂತ ಕಡಿದೆ. ಮಾತು ಒಡೆದು ಒಡೆದು ಬಂತು, ಆದರೆ ಅರ್ಥವಾಗದವರು ಒಬ್ಬರೂ ಇರಲಿಲ್ಲ. ಅವ್ವ ಎದ್ದು ಸುತ್ತ ನಿಂತವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಕೇಳಿಸ್ತಾ ಅಂದಳು. ಬೇಲಿಯ ಆಚೆಯಿಂದ ತಮ್ಮಯ್ಯ ಒಬ್ಬನೇ, ಕೇಳಿಸ್ತು ಮುದ್ದಕ್ಕ ಅಂದ. ಹಾಗೆ ಅಂದು ಅಲ್ಲೇ ನೆಲಕ್ಕೆ ಕೂತು ಅತ್ತ. ಆದ್ದರಿಂದ ನಿನ್ನ ಚಿಂತೆ ಬಿಡು. ಪೂರ್ತಿ ಹೇಳಿದ್ದೀಯ.

ಮರದಿಂದ ಬಿದ್ದ ಎಂದು ನಿಮ್ಮ ಮನೆಯವರು ಆಸ್ಪತ್ರೆಯಲ್ಲಿ ಬರೆಸಿದ್ದರು. ನಾನು ಮರುದಿನ ಸ್ಟೇಷನ್ನಿಗೆ ಹೋಗಿ, ಯಾರು ಯಾವುದರಿಂದ ಹೊಡೆದರು ಎಂದು ಹೆಸರು ಸಹಿತ ಹೇಳಿ ಸಹಿ ಹಾಕಿ ಬಂದೆ. ನಿನಗೆ ಉಪಕಾರ ಅಂದುಕೊಳ್ಳಬೇಡ. ತೊಂಬತ್ತೆರಡರಲ್ಲಿ ಕಣ್ಣಾರೆ ಕಂಡವರು ಹೇಳಿದ್ದರೆ ನಮಗೆ ಈ ಗತಿ ಬರುತ್ತಿರಲಿಲ್ಲ. ನಾನು ಅವರ ಹಾಗೆ ಅಲ್ಲ, ಅಷ್ಟೇ. ನಿನ್ನನ್ನು ಕ್ಷಮಿಸಿದ್ದೇನೆಯೇ ಎಂದು ಕೇಳಬೇಡ. ಇಲ್ಲ. ಮುಂದೆ ಏನೋ, ಗೊತ್ತಿಲ್ಲ.

ಇನ್ನು ಗಂಜಿಯ ವಿಷಯ. ನಿನ್ನ ಮನೆಯ ಬಾಗಿಲು ನಿನಗೆ ಮುಚ್ಚಿದೆ. ಬಸಮ್ಮನವರನ್ನು ಅಟ್ಟದ ಕೋಣೆಗೆ ಹಾಕಿ ಚಿಲಕ ಹಾಕಿದ್ದಾರೆ ಎಂದು ಊರಲ್ಲಿ ಮಾತು. ಅವರು ಎಲ್ಲಿಗೂ ಬಂದಿಲ್ಲ. ಮೊದಲ ಬಸ್ಸಿಗೆ ಕಣಕಟ್ಟೆಯಿಂದ ಅರಸೀಕೆರೆಗೆ ಬಂದು, ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ಪಾತ್ರೆ ವಾಪಸು ಬರುವವರೆಗೆ ಕಾದು ಹೋಗುತ್ತಿರುವವಳು ನಮ್ಮವ್ವ. ಆಯಾ ಅವಳನ್ನು ನಿನ್ನ ತಾಯಿ ಅಂದುಕೊಂಡಿದ್ದಾಳೆ. ಅವ್ವ ತಿದ್ದಿಲ್ಲ.

ನಾನು ಹೋದ ಭಾನುವಾರ ಜಗಳ ಆಡಿದೆ. ಮಗನನ್ನು ಕಡಿದವನಿಗೆ ಗಂಜಿ ಹೊರುತ್ತೀಯಲ್ಲ, ನಿನಗೆ ಮಾನ ಇಲ್ಲವಾ ಅಂದೆ. ಅವಳು ಒಲೆ ಊದುತ್ತಾ ಹೇಳಿದಳು. ಸುಮ್ಕಿರೇ ಮಂಜಿ. ನನ್ನ ಮಗ ಕಳ್ಳ ಅಲ್ಲ ಅಂತ ಹೇಳಿದ್ದು ಈ ಭೂಮಿ ಮೇಲೆ ಅದೊಂದೇ ಬಾಯಿ ಕಣೇ. ಅದು ಒಣಗೋದ್ರೆ ನಾನು ಯಾರ ಹತ್ರ ಕೇಳ್ಲಿ?

ಇಷ್ಟು ದಿನ ನಮ್ಮ ಮನೆಯ ಪಾತ್ರೆಯಲ್ಲಿ ನಮ್ಮ ಮನೆಯ ಗಂಜಿ ಕುಡಿದಿದ್ದೀಯ, ಗೊತ್ತಿಲ್ಲದೆ. ಈಗ ಗೊತ್ತಾಯಿತು. ಈ ಕಾಗದ ತಲುಪಿದ ಮರುದಿನ ಬೆಳಗ್ಗೆಯೂ ಅವ್ವ ಬರುತ್ತಾಳೆ. ಕುಡಿಯುವುದು ಬಿಡುವುದು ನಿನಗೆ ಸೇರಿದ್ದು. ಕುಡಿಯುವುದಾದರೆ ಆಯಾ ಕೈಯಲ್ಲಿ ತರಿಸಿಕೊಳ್ಳಬೇಡ. ಹೊರಗೆ ಮೆಟ್ಟಿಲ ಮೇಲೆ ಬಾ, ಅವಳ ಎದುರಿಗೆ ಕೂತು ಕುಡಿ.

ಮಂಜುಳಾ